ಕಡಲ ದೇವತೆಗಳು ಇಳಿಯುವ ಮರ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೂ ಕೇಳಿಸುತ್ತಿದೆ ಅಲ್ವಾ? ಕೇಳಿಸಬೇಕು, ಯಾಕೆಂದರೆ ನಾನು ಇವತ್ತು ಪ್ರೀತಿಯಿಂದ ಒಂದು ಜಗಳ ಆಡಲು ಬಂದಿದ್ದೇನೆ.

ಹೊರಗಿನ ಹಜಾರದಲ್ಲಿ ಜಪಾನ್, ಚೀನಾ, ಕೊರಿಯಾದ ಚಿತ್ರಗಳ ಪ್ರತಿಗಳನ್ನು ಹಾಕಿದ್ದೀರಿ. ತುಂಬ ಚೆನ್ನಾಗಿ ಜೋಡಿಸಿದ್ದೀರಿ, ವಿದ್ಯಾರ್ಥಿಗಳು ಎಷ್ಟು ಕಷ್ಟಪಟ್ಟಿದ್ದಾರೆ ಅಂತ ನೋಡಿದರೇ ಗೊತ್ತಾಗುತ್ತದೆ. ಆದರೆ ಪೈನ್ ಮರ ಇರುವ ಪ್ರತಿ ಚಿತ್ರದ ಕೆಳಗೂ ಒಂದೇ ಚೀಟಿ: 'ದೀರ್ಘಾಯುಷ್ಯದ ಸಂಕೇತ'. ಇದು ನಿಮ್ಮ ತಪ್ಪಲ್ಲ. ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲೂ ಹಾಗೇ ಬರೆದಿರುತ್ತಾರೆ. ಓದಿದವರು ಓಹೋ ಅಂತ ತಲೆಯಾಡಿಸಿ ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಮರವನ್ನು ಯಾರೂ ನೋಡುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಚೀಟಿಯಲ್ಲಿ ಇರುವುದು ಸುಳ್ಳಲ್ಲ. ಚಳಿ ಬಂದಾಗಲೇ ಗೊತ್ತಾಗುವುದು, ಪೈನ್ ಮತ್ತು ಸೈಪ್ರಸ್ ಮರಗಳು ಕೊನೆಗೆ ಬಾಡುತ್ತವೆ ಅಂತ ಕನ್ಫ್ಯೂಷಿಯಸ್ ಹೇಳಿದ್ದು ನಿಮಗೆಲ್ಲ ಗೊತ್ತು. ಆದರೆ ಆ ಮಾತಿನ ಹಿಂದೆ ಇರುವುದು ಚಳಿ, ಹಿಮ, ಒಳನಾಡು. ಕಡಲ ದಂಡೆಯ ಪೈನ್‌ಗೆ ಬೇರೆಯೇ ಕೆಲಸ ಇದೆ. ಅದು ದೇವರು ಬಂದಿಳಿಯುವ ಜಾಗ. ಅದಕ್ಕೇ ನಾನು ಹೇಳುವುದು, ಮೊದಲು ದಂಡೆ ನೋಡಿ, ಆಮೇಲೆ ಅರ್ಥ ಹುಡುಕಿ. ಈ ಮಾತನ್ನು ಇವತ್ತು ಇನ್ನೂ ಕೆಲವು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲ ಸ್ಲೈಡ್ ಹಾಕಿ. ಹಾಂ, ಇದೇ. ಇದು ಮಿಹೋ, ಜಪಾನಿನ ಶಿಝುಓಕಾದಲ್ಲಿದೆ. ಸುರುಗಾ ಕೊಲ್ಲಿಯ ದಂಡೆಯಲ್ಲಿ ಸುಮಾರು 7 ಕಿಲೋಮೀಟರ್ ಉದ್ದಕ್ಕೂ ಪೈನ್ ತೋಪು. ಎಲ್ಲ ಕಪ್ಪು ಪೈನ್ ಜಾತಿಯವು. ಉಪ್ಪುಗಾಳಿ ತಡೆಯುತ್ತವೆ, ಬರೀ ಮರಳಲ್ಲೂ ಬೇರು ಬಿಡುತ್ತವೆ. ನಮ್ಮ ಕರಾವಳಿಯಲ್ಲಿ ಗಾಳಿಮರ ನೆಟ್ಟಿದ್ದಾರಲ್ಲ, ಹೆಚ್ಚುಕಡಿಮೆ ಅದೇ ಕೆಲಸ: ಗಾಳಿ ತಡೆಯುವುದು, ಮರಳು ಹಾರಿ ಗದ್ದೆಗೆ ಬೀಳದಂತೆ ನೋಡಿಕೊಳ್ಳುವುದು. ಈ ತೋಪಿನ ಒಂದು ಮರಕ್ಕೆ ಮಾತ್ರ ಸುತ್ತಲೂ ಬೇಲಿ ಹಾಕಿದ್ದಾರೆ. ಅದು ಹಾಗೊರೊಮೊ ಪೈನ್. ಅಪ್ಸರೆಯ ಗರಿಬಟ್ಟೆ ನೇತಾಡಿದ ಮರ.

ಕಥೆ ಕೆಲವರಿಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ, ನನಗೆ ತುಂಬ ಇಷ್ಟ. ವಸಂತದ ಒಂದು ಬೆಳಿಗ್ಗೆ. ಹಾಕುರ್ಯೋ ಅನ್ನುವ ಮೀನುಗಾರ ದಂಡೆಗೆ ಬರುತ್ತಾನೆ. ಪೈನ್ ಕೊಂಬೆಯ ಮೇಲೆ ಒಂದು ಬಟ್ಟೆ. ಅಂಥ ಬಟ್ಟೆ ಅವನು ಕಂಡೇ ಇಲ್ಲ. ಮನೆಗೆ ಒಯ್ದು ವಂಶದ ನಿಧಿ ಅಂತ ಇಟ್ಟುಕೊಳ್ಳೋಣ ಅಂತ ಕೈಗೆ ತೆಗೆದುಕೊಳ್ಳುತ್ತಾನೆ. ಆಗ ಅಪ್ಸರೆ ಬಂದು, ಅದು ನನ್ನದು, ಅದಿಲ್ಲದೆ ನಾನು ಆಕಾಶಕ್ಕೆ ಹೋಗಲಾರೆ ಅನ್ನುತ್ತಾಳೆ. ಅವನು ಕೊಡುವುದಿಲ್ಲ. ಅವಳ ಮುಡಿಯ ಹೂವು ಬಾಡಲು ಶುರುವಾಗುತ್ತದೆ. ಗಮನಿಸಿ, ದೇವತೆಗಳಿಗೆ ಅಂತ್ಯ ಬಂದಾಗ ಮುಡಿದ ಹೂವು ಬಾಡುತ್ತದೆ ಅನ್ನುವುದು ಭಾರತದಿಂದ ಬೌದ್ಧರ ಜತೆ ಹೋದ ಕಲ್ಪನೆ. ಅಷ್ಟು ದೂರ ಹೋಗಿ ಒಬ್ಬ ಮೀನುಗಾರನ ಮನಸ್ಸು ಕರಗಿಸುತ್ತದೆ. ಸರಿ, ಬಟ್ಟೆ ಕೊಡುತ್ತೇನೆ, ಆದರೆ ಆಕಾಶದ ನೃತ್ಯ ಮಾಡಿ ತೋರಿಸು ಅನ್ನುತ್ತಾನೆ. ಬಟ್ಟೆ ಇಲ್ಲದೆ ಕುಣಿಯಲು ಆಗುವುದಿಲ್ಲ, ಮೊದಲು ಕೊಡು ಅನ್ನುತ್ತಾಳೆ. ಕೊಟ್ಟರೆ ನೀನು ಕುಣಿಯದೆ ಹಾರಿಹೋಗುತ್ತೀಯ ಅನ್ನುತ್ತಾನೆ ಇವನು. ಅನುಮಾನ ಮನುಷ್ಯರದ್ದು, ಆಕಾಶದಲ್ಲಿ ಮೋಸ ಅನ್ನುವುದೇ ಇಲ್ಲ ಅಂತ ಅವಳು ಹೇಳುತ್ತಾಳೆ. ಹಾಕುರ್ಯೋಗೆ ನಾಚಿಕೆಯಾಗಿ ಬಟ್ಟೆ ಕೊಟ್ಟುಬಿಡುತ್ತಾನೆ. ಅವಳು ಕುಣಿಯುತ್ತಾಳೆ. ಕುಣಿಯುತ್ತಲೇ ಮಿಹೋ ಪೈನ್‌ಗಳನ್ನು ದಾಟಿ, ಫ್ಯೂಜಿ ಶಿಖರವನ್ನೂ ದಾಟಿ, ಮಂಜಿನಲ್ಲಿ ಇಲ್ಲವಾಗುತ್ತಾಳೆ. ಇಷ್ಟೇ ಕಥೆ. ಮುಖವಾಡ ಹಾಕಿ ಆಡುವ ಜಪಾನಿನ ಹಳೆಯ 'ನೋ' ನಾಟಕವಾಗಿ ಇದನ್ನು ಇವತ್ತಿಗೂ ಆಡುತ್ತಾರೆ.

ಫ್ರಾನ್ಸಿನಲ್ಲಿ ಎಲೆನ್ ಜುಗ್ಲಾರಿ ಅನ್ನುವ ನೃತ್ಯಗಾತಿ ಈ ಕಥೆಗೆ ಎಷ್ಟು ಮನಸೋತರೆಂದರೆ, ಅಲ್ಲೇ ಇದನ್ನು ಕುಣಿದು ತೋರಿಸಿದರು. ಮಿಹೋಗೆ ಒಮ್ಮೆ ಹೋಗಬೇಕು ಅಂತ ಆಸೆ ಇತ್ತು. ಹೋಗುವ ಮೊದಲೇ, ಇನ್ನೂ ಚಿಕ್ಕ ವಯಸ್ಸಿನಲ್ಲೇ, 1951ರಲ್ಲಿ ತೀರಿಕೊಂಡರು. ಗಂಡ ಅವರ ಕೂದಲನ್ನು ಮಿಹೋಗೆ ತಂದರು. ಊರಿನವರು ಅವರಿಗೊಂದು ಸ್ಮಾರಕ ಕಟ್ಟಿದ್ದಾರೆ, ಆ ಮರದ ಹತ್ತಿರವೇ ಇದೆ.

ಈಗ ನನ್ನ ವಾದಕ್ಕೆ ಬರುತ್ತೇನೆ. ಆ ಮರದಿಂದ ಒಳಗಡೆಗೆ ಸುಮಾರು 500 ಮೀಟರ್ ಉದ್ದದ ಒಂದು ದಾರಿ ಇದೆ, ಎರಡೂ ಕಡೆ ಹಳೆಯ ಪೈನ್‌ಗಳು. ಹೆಸರು ದೇವರ ದಾರಿ. ದಾರಿ ಮುಗಿಯುವಲ್ಲಿ ಮಿಹೋ ದೇವಸ್ಥಾನ. ಅಲ್ಲಿ ಗಂಡುದೇವರ ಜತೆ ಮಿಹೋತ್ಸುಹಿಮೆ ಅನ್ನುವ ಹೆಣ್ಣುದೇವತೆ ಇದ್ದಾಳೆ. ಊರಿನವರ ನಂಬಿಕೆ ಏನೆಂದರೆ, ದೇವರು ಕಡಲಾಚೆಯಿಂದ ಬಂದು ಮೊದಲು ಆ ಪೈನ್ ಮೇಲೆ ಇಳಿದು, ಆಮೇಲೆ ಈ ದಾರಿಯಲ್ಲಿ ಗುಡಿಗೆ ಬರುವುದು. ಅಪ್ಸರೆಯ ಬಟ್ಟೆ ಸುಮ್ನೆ ಆ ಕೊಂಬೆಗೆ ಸಿಕ್ಕಿಕೊಂಡಿದ್ದಲ್ಲ! ಅದು ಇಳಿಯುವ ಜಾಗವೇ. ಇದನ್ನೆಲ್ಲ 'ದೀರ್ಘಾಯುಷ್ಯ' ಅನ್ನುವ ಒಂದು ಪದದಲ್ಲಿ ಮುಚ್ಚಿಹಾಕಿದರೆ ಹೇಗೆ?

ಅಂದಹಾಗೆ, ಆ ಮರ ಆಯುಷ್ಯದಲ್ಲೂ ಶಾಶ್ವತ ಅಲ್ಲ. ಈಗ ಇರುವುದು ಮೂರನೆಯದು. ಎರಡನೆಯದಕ್ಕೆ ವಯಸ್ಸಾಗಿ ಸೊರಗಿತು ಅಂತ 2010ರಲ್ಲಿ ಪಕ್ಕದ ಇನ್ನೊಂದು ಮರಕ್ಕೆ ಆ ಸ್ಥಾನ ಕೊಟ್ಟರು. ದೇವರಿಗೆ ಬೇಕಾಗಿರುವುದು ದಂಡೆಯಲ್ಲಿ ನಿಂತ ಒಂದು ಪೈನ್.

2013ರಲ್ಲಿ ಫ್ಯೂಜಿ ಪರ್ವತ ವಿಶ್ವ ಪರಂಪರೆ ಪಟ್ಟಿಗೆ ಸೇರುವಾಗ ಒಂದು ಸ್ವಾರಸ್ಯ ನಡೆಯಿತು. ಯುನೆಸ್ಕೋಗೆ ಸಲಹೆ ಕೊಡುವ ತಜ್ಞರು ಮಿಹೋವನ್ನು ಬಿಟ್ಟುಬಿಡಿ ಅಂದರು. ಯಾಕೆ? ಫ್ಯೂಜಿಯಿಂದ 45 ಕಿಲೋಮೀಟರ್ ದೂರ ಇದೆ ಅಂತ. ಕಾಂಬೋಡಿಯಾದ ನಾಮ್ ಪೆನ್‌ನಲ್ಲಿ ಸಭೆ ಸೇರಿದ ಸಮಿತಿ ಆ ಮಾತು ಒಪ್ಪಲಿಲ್ಲ, ಮಿಹೋವನ್ನೂ ಸೇರಿಸಿತು. ಸರಿಯಾಗೇ ಮಾಡಿತು ಅನ್ನುತ್ತೇನೆ ನಾನು. ಹಿರೊಶಿಗೆ ಅನ್ನುವ ಜಪಾನಿ ಚಿತ್ರಗಾರನ ಚಿತ್ರಗಳನ್ನು ನೋಡಿ. ಮುಂದೆ ನೀರು, ದೋಣಿ, ಮರಳಿನ ನಾಲಿಗೆಯ ಮೇಲೆ ಪೈನ್ ಸಾಲು, ಹಿಂದೆ ಫ್ಯೂಜಿ. ಚಿತ್ರಗಾರರಿಗೆ ಆ 45 ಕಿಲೋಮೀಟರ್ ಯಾವತ್ತೂ ದೂರ ಅನ್ನಿಸಲಿಲ್ಲ.

ನೋ ರಂಗದ ಮಾತು ಬಂತಲ್ಲ. ಯಾವ ನಾಟಕವೇ ಇರಲಿ, ರಂಗದ ಹಿಂದಿನ ಮರದ ಗೋಡೆಯ ಮೇಲೆ ಒಂದು ದೊಡ್ಡ ಪೈನ್ ಚಿತ್ರ ಇರುತ್ತದೆ. ಅರಮನೆಯ ಕಥೆಗೂ ಅದೇ, ಯುದ್ಧದ ಕಥೆಗೂ ಅದೇ. ಯಾರೂ ಬದಲಾಯಿಸುವುದಿಲ್ಲ. ನಾರಾ ಊರಿನ ಕಸುಗಾ ದೇವಸ್ಥಾನದಲ್ಲಿ ಒಂದು ಪೈನ್ ಕೆಳಗೆ ದೇವರು ಮುದುಕನ ರೂಪದಲ್ಲಿ ಬಂದು ಕುಣಿದರಂತೆ, ಗೋಡೆಯಲ್ಲಿರುವುದು ಆ ಮರ ಅಂತ ಪ್ರತೀತಿ. ಅಂದರೆ ನಟ ಕುಣಿಯುವುದು ದೇವರು ಇಳಿದ ಮರದ ಮುಂದೆ. ಇದನ್ನು ತಿಳಿದು ನೋಡುವುದಕ್ಕೂ, ಅಲಂಕಾರಕ್ಕೆ ಒಂದು ಮರ ಬರೆದಿದ್ದಾರೆ ಅಂತ ನೋಡುವುದಕ್ಕೂ ಎಷ್ಟು ವ್ಯತ್ಯಾಸ!

ಹೀಗೆ ರಂಗ ಮತ್ತು ಕಡಲು ನಿಜವಾಗಿ ಸೇರುವ ಜಾಗ ಇತ್ಸುಕುಶಿಮಾ, ಹಿರೊಶಿಮಾ ಹತ್ತಿರದ ದ್ವೀಪ. ಅಲ್ಲಿ ಗುಡಿಯೇ ನೀರಿನ ಮೇಲೆ ನಿಂತಿದೆ. ಉಬ್ಬರ ಬಂದಾಗ ನೋ ರಂಗದ ಕೆಳಗೂ ಕಡಲು ಬರುತ್ತದೆ. ನಟನ ಹಿಂದೆ ಬರೆದ ಪೈನ್, ಕಾಲಡಿಯಲ್ಲಿ ನಿಜವಾದ ನೀರು. ಇಲ್ಲಿ ಪೂಜೆ ಮೂವರು ಅಕ್ಕತಂಗಿಯರಿಗೆ, ಕಡಲದಾರಿ ಕಾಯುವ ದೇವತೆಗಳು. ಸೂರ್ಯದೇವತೆ ಅಮಾತೆರಾಸು ತನ್ನ ತಮ್ಮನ ಕತ್ತಿಯನ್ನು ಮುರಿದು, ಅಗಿದು, ಉಗುಳಿದಾಗ ಆ ಮಂಜಿನಿಂದ ಹುಟ್ಟಿದವರು. ಇವರ ಮೂಲ ಕ್ಷೇತ್ರ ಮುನಕತಾ. ಅದಕ್ಕೆ ಸೇರಿದ ಒಕಿನೊಶಿಮಾ ದ್ವೀಪ ದಡದಿಂದ ಸುಮಾರು 60 ಕಿಲೋಮೀಟರ್ ದೂರ. ಕೊರಿಯಾ ಕಡೆಗೆ ಹಡಗು ಹೋಗುವಾಗ ಅಲ್ಲಿ ಹರಕೆ ಒಪ್ಪಿಸುತ್ತಿದ್ದರು. ಹಾಗೆ ಒಪ್ಪಿಸಿದ ಸುಮಾರು 80,000 ವಸ್ತುಗಳು ಅಲ್ಲಿ ಸಿಕ್ಕಿವೆ.

ಈ ಮೂವರಲ್ಲಿ ಒಬ್ಬಳಾದ ಇಚಿಕಿಶಿಮಾಹಿಮೆಯನ್ನು ಜಪಾನಿನವರು ಬೆಂಜೈತೆನ್ ಜತೆ ಒಂದು ಮಾಡಿದರು. ಬೆಂಜೈತೆನ್ ಯಾರು? ನಮ್ಮ ಸರಸ್ವತಿ! ಬೌದ್ಧ ಸೂತ್ರಗಳ ಜತೆ ಚೀನಾ ದಾಟಿ ಹೋದವಳು, ವೀಣೆಯ ಬದಲು ಬಿವಾ ಅನ್ನುವ ತಂತಿವಾದ್ಯ ಹಿಡಿದವಳು. ನದಿಯ ದೇವತೆ ಅಲ್ಲಿ ದ್ವೀಪಗಳ ದೇವತೆಯಾದಳು. ಇಲ್ಲಿ ಕೂತಿರುವ ನಮಗೆಲ್ಲ ಇದು ಸಂತೋಷದ ವಿಷಯ, ಆದರೆ 'ಎಲ್ಲ ನಮ್ಮಿಂದಲೇ ಹೋಗಿದ್ದು' ಅಂತ ಎದೆ ತಟ್ಟಿಕೊಳ್ಳಬೇಡಿ. ಅವಳು ಅಲ್ಲಿ ಬೆಳೆದದ್ದು ಅಲ್ಲಿನ ಕಡಲಿನಿಂದ, ಅಲ್ಲಿನ ಬೆಸ್ತರಿಂದ. 1868ರಲ್ಲಿ ಮೇಜಿ ಸರ್ಕಾರ ಜಪಾನಿನ ಮೂಲ ಧರ್ಮವಾದ ಶಿಂಟೋ ಬೇರೆ, ಬೌದ್ಧ ಬೇರೆ ಅಂತ ಕಾನೂನು ಮಾಡಿದ ಮೇಲೆ ಬೆಂಜೈತೆನ್ ಮೂರ್ತಿಯನ್ನು ಗುಡಿಯಿಂದ ತೆಗೆದು ಪಕ್ಕದ ದೈಗಾಂಜಿ ಮಠಕ್ಕೆ ಸಾಗಿಸಬೇಕಾಯಿತು. ಸಾವಿರ ವರ್ಷ ಬೆರೆತು ಬಾಳಿದ್ದನ್ನು ಹಾಗೆ ಕತ್ತರಿಸಿದ್ದು ನನಗೆ ಇವತ್ತಿಗೂ ಸಂಕಟ. ಆ ಮಠದ ಮುಂದೆ ಬುಡದಿಂದಲೇ ಒಂಬತ್ತು ಕಾಂಡವಾಗಿ ಕವಲೊಡೆದ ಪೈನ್ ಇದೆ. ಜಪಾನಿನ ಮೊದಲ ಪ್ರಧಾನಿ ಇತೋ ಹಿರೊಬುಮಿ ನೆಟ್ಟಿದ್ದು ಅನ್ನುತ್ತಾರೆ. ನೋಡಿ, ದೇವತೆಯನ್ನು ಸ್ಥಳಾಂತರ ಮಾಡಿದರೂ ಅವಳ ಎದುರಿಗೆ ಮತ್ತೆ ಒಂದು ಪೈನ್.

ಇನ್ನೊಂದು ವಿಷಯ. ನೀರಿನಲ್ಲಿ ನಿಂತ ಆ ಕೆಂಪು ತೋರಿಯನ್ನು, ಅಂದರೆ ಗುಡಿಯ ಹೆಬ್ಬಾಗಿಲನ್ನು, ಎಲ್ಲರೂ ಫೋಟೋದಲ್ಲಿ ನೋಡಿದ್ದೀರಿ. ಈಗಿನದು 1875ರದು, ಕಂಬಗಳು ಕರ್ಪೂರದ ಮರದವು. ಅವನ್ನು ನೆಲದಲ್ಲಿ ಹೂತಿಲ್ಲ, ಸ್ವಂತ ಭಾರದಿಂದಲೇ ನಿಂತಿವೆ. ಆ ಭಾರ ಹೊರುತ್ತಿರುವುದು ಯಾವುದು ಗೊತ್ತಾ? ಕಂಬದಡಿಯ ಮಣ್ಣಿಗೆ ಒತ್ತೊತ್ತಾಗಿ ಬಡಿದ ಪೈನ್ ಗೂಟಗಳು. ಫೋಟೋದಲ್ಲಿ ಕಾಣಿಸುವುದಿಲ್ಲ. ಮೊದಲು ದಂಡೆ ನೋಡಿ ಅಂತ ನಾನು ಬಡಕೊಳ್ಳುವುದು ಇದಕ್ಕೇ.

ಸಮಯ ಎಷ್ಟಾಯಿತು? ಹತ್ತು ನಿಮಿಷ ಇದೆಯಂತೆ. ಹಾಗಾದರೆ ಚೀನಾ ಬೇಗ ಮುಗಿಸುತ್ತೇನೆ, ಅದು ಅನ್ಯಾಯ ಅಂತ ಗೊತ್ತು. ಫೂಜಿಯಾನ್ ತೀರದ ಮೇಝೌ ದ್ವೀಪದಲ್ಲಿ 960ರಲ್ಲಿ ಹುಟ್ಟಿದಳು ಅನ್ನುವ ಲಿನ್ ಮನೆತನದ ಹುಡುಗಿಯೇ ಮುಂದೆ ಮಾಜು ದೇವತೆ. ಕೆಂಪು ಉಡುಗೆ ಉಟ್ಟು ಬಿರುಗಾಳಿಯಲ್ಲಿ ಸಿಕ್ಕ ದೋಣಿಗಳಿಗೆ ದಾರಿ ತೋರಿಸುವವಳು. ಕಲ್ಲಿಕೋಟೆಗೆ ಬಂದುಹೋಗುತ್ತಿದ್ದ ಚೀನೀ ನೌಕಾಧಿಪತಿ ಝೆಂಗ್ ಹೆ 1431ರಲ್ಲಿ ನಿಲ್ಲಿಸಿದ ಶಾಸನದಲ್ಲಿ ನಮ್ಮ ಹಡಗುಗಳನ್ನು ಕಾಪಾಡಿದ್ದು ಈ ತಾಯಿ ಅಂತ ಬರೆಸಿದ್ದಾನೆ. ನಾಗಸಾಕಿಗೆ ಬಂದ ಚೀನೀ ಹಡಗಿನವರು ಹಡಗಿನಲ್ಲಿದ್ದ ಮಾಜು ಮೂರ್ತಿಯನ್ನು ಮೆರವಣಿಗೆಯಲ್ಲಿ ದಡದ ಗುಡಿಗೆ ಒಯ್ದು, ಹೊರಡುವಾಗ ಮತ್ತೆ ಹಡಗಿಗೆ ತರುತ್ತಿದ್ದರು. ಇಲ್ಲೂ ದೇವತೆ ಕಡಲಿನಿಂದ ಬಂದು ಇಳಿಯುತ್ತಾಳೆ. ಪೈನ್ ಎಲ್ಲಿ ಅಂತೀರಾ? ಫೂಜಿಯಾನ್ ಹಡಗು ಕಟ್ಟುತ್ತಿದ್ದ ಮರಗಳಲ್ಲಿ ಅದೂ ಒಂದು.

ಕೊರಿಯಾ ಒಂದೇ ಸ್ಲೈಡ್. ಜೊಸೊನ್ ರಾಜರ ಸಿಂಹಾಸನದ ಹಿಂದಿನ ಪರದೆ. ಸೂರ್ಯ, ಚಂದ್ರ, ಐದು ಶಿಖರ, ಕೆಳಗೆ ಅಲೆ, ಎರಡು ಬದಿಯಲ್ಲೂ ಕೆಂಪು ಕಾಂಡದ ಪೈನ್. ಆ ಪೈನ್‌ಗಳ ಬುಡ ಎಲ್ಲಿದೆ ನೋಡಿ: ನೀರಿನ ಅಂಚಿನಲ್ಲಿ.

ಜಪಾನಿನ ಚಿತ್ರಗಾರ ತೋಹಾಕು ಬಗ್ಗೆ ಅರ್ಧ ಗಂಟೆ ಮಾತಾಡಬೇಕು ಅಂತ ಇದ್ದೆ. ಹಾಸೆಗಾವಾ ತೋಹಾಕು, 1539ರಲ್ಲಿ ನೋತೋ ಪರ್ಯಾಯದ್ವೀಪದ ಕಡಲೂರು ನಾನಾಓದಲ್ಲಿ ಹುಟ್ಟಿದವನು. ಅವನ ಪೈನ್ ಪರದೆಗಳು ಬರೀ ಮಸಿ, ಬರೀ ಮಂಜು, ನಡುವೆ ಅಲ್ಲಲ್ಲಿ ಮರದ ಗುಂಪು. ಹುಟ್ಟೂರಿನ ಕಡಲ ಗಾಳಿಗೆ ಬಾಗಿದ ಮರಗಳೇ ಅವು ಅಂತ ನಾನು ನಂಬುತ್ತೇನೆ. ಹೊರಗೆ ಅದರ ಪ್ರತಿ ಇದೆ, ಚಹಾ ಕುಡಿಯುವಾಗ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ಕೊನೆಗೆ ಇದನ್ನು ಹೇಳಲೇಬೇಕು. ಈ ತೋಪುಗಳು ಈಗ ಕಷ್ಟದಲ್ಲಿವೆ. ಉತ್ತರ ಅಮೆರಿಕದಿಂದ ಬಂದ ಒಂದು ಸೂಕ್ಷ್ಮ ಹುಳು, ಉದ್ದ ಮೀಸೆಯ ಜೀರುಂಡೆಯ ಬೆನ್ನೇರಿ ಮರದಿಂದ ಮರಕ್ಕೆ ಹೋಗಿ ಪೈನ್‌ಗಳನ್ನು ಒಣಗಿಸುತ್ತದೆ. ಇನ್ನೊಂದು ಕಾರಣ ನಮಗೆ ಹೊಳೆಯುವುದೇ ಇಲ್ಲ. ಮೊದಲು ಊರಿನವರು ಉದುರಿದ ಸೂಜಿಯೆಲೆ ಗುಡಿಸಿ ಒಲೆಗೆ ಒಯ್ಯುತ್ತಿದ್ದರು, ಮರಳು ಬಡವಾಗೇ ಇರುತ್ತಿತ್ತು. ಪೈನ್‌ಗೆ ಅದೇ ಹಿತ. ಗ್ಯಾಸ್ ಬಂದಮೇಲೆ ಯಾರೂ ಗುಡಿಸಲಿಲ್ಲ, ನೆಲ ಕೊಬ್ಬಿತು, ಬೇರೆ ಗಿಡಗಳು ನುಗ್ಗಿದವು. ಕರಾತ್ಸು ಊರಿನ ತೋಪಿನಲ್ಲಿ ಈಗ ಸ್ವಯಂಸೇವಕರು ಪೊರಕೆ ಹಿಡಿದು ಮತ್ತೆ ಗುಡಿಸುತ್ತಿದ್ದಾರೆ. ರಿಕುಝೆನ್‌ತಕಾತಾದಲ್ಲಿ ಸುಮಾರು 70,000 ಪೈನ್‌ಗಳಿದ್ದವು, 2011ರ ಸುನಾಮಿ ಒಂದನ್ನು ಮಾತ್ರ ಬಿಟ್ಟಿತು, ಮರುವರ್ಷ ಅದೂ ಸತ್ತಿತು. ಅಲ್ಲಿನ ಜನ ಮತ್ತೆ ಸಸಿ ನೆಟ್ಟಿದ್ದಾರೆ.

ಹಾಗಾಗಿ ನನ್ನ ಕೋರಿಕೆ ಇಷ್ಟೇ: ಪ್ರದರ್ಶನ ಇನ್ನೂ ನಡೆಯುವುದರಿಂದ ಆ ಚೀಟಿಗಳನ್ನು ಬದಲಾಯಿಸೋಣ. ಯಾವ ದಂಡೆ, ಯಾವ ದೇವತೆ, ಮರ ಅಲ್ಲಿ ಏನು ಮಾಡುತ್ತಿದೆ, ಇಷ್ಟು ಬರೆದರೆ ಸಾಕು. ಮಿಹೋ ಚಿತ್ರದ್ದು ನಾನೇ ಬರೆದುಕೊಡುತ್ತೇನೆ. ಈಗ ನಿಮ್ಮ ಪ್ರಶ್ನೆಗಳು. ಅಲ್ಲಿ ಮೂರನೇ ಸಾಲಿನಲ್ಲಿ ಕೈ ಎತ್ತಿದ್ದೀರಲ್ಲ, ಹೇಳಿ.