ನಡುನೀರಿನಲ್ಲಿ ಬಿಡದ ಕೈ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬ್ಯಾಟಲ್ ಕ್ರೀಕ್ ಎಂಬ ಊರಿದೆ. ನೂರು ವರ್ಷಕ್ಕೂ ಹಿಂದೆ ಆ ಊರಿನ ಒಂದು ದೊಡ್ಡ ಮನೆತನದ ಮಗು ಮಹಡಿಯ ಕಿಟಕಿಯಿಂದ ಕೆಳಗೆ ಬಿತ್ತು. ಜೀವ ಉಳಿಯಿತು, ಆದರೆ ಪೆಟ್ಟು ಬಲವಾಗಿತ್ತು. ಮಗುವಿನ ಅಜ್ಜ ಕಾರ್ನ್‌ಫ್ಲೇಕ್ಸ್ ಮಾರಿ ಕೋಟ್ಯಧೀಶರಾದ ವಿಲ್ ಕೀತ್ ಕೆಲಾಗ್. ಹಣಕ್ಕೇನೂ ಬರವಿರಲಿಲ್ಲ. ಆದರೂ ಆ ಮಗುವಿಗೆ ಬೇಕಾದ ಚಿಕಿತ್ಸೆ ಸುಲಭವಾಗಿ ಸಿಗಲಿಲ್ಲ. ದುಡ್ಡಿದ್ದ ನನಗೇ ಹೀಗಾದರೆ, ಇಲ್ಲದ ತಂದೆ ತಾಯಿ ಏನು ಮಾಡಬೇಕು ಎಂಬ ಪ್ರಶ್ನೆ ಅವರನ್ನು ಬಹಳ ಕಾಲ ಕಾಡಿತು.

ಆ ಪ್ರಶ್ನೆಯಿಂದ 1930ರಲ್ಲಿ ಒಂದು ಪ್ರತಿಷ್ಠಾನ ಹುಟ್ಟಿತು. ನಾಲ್ಕು ವರ್ಷದ ನಂತರ ಕೆಲಾಗ್ 6.6 ಕೋಟಿ ಡಾಲರಿಗೂ ಮಿಕ್ಕ ಬೆಲೆಯ ತಮ್ಮ ಕಂಪನಿಯ ಷೇರುಗಳನ್ನೂ ಇತರ ಹೂಡಿಕೆಗಳನ್ನೂ ಅದಕ್ಕೆ ಬರೆದುಕೊಟ್ಟರು. ಇಂದು ಅದು ಜಗತ್ತಿಗೆಲ್ಲ ಗೊತ್ತಿರುವ ಹೆಸರು. ಆದರೆ ಇವತ್ತು ನಾನು ಹೇಳಬೇಕೆಂದಿರುವುದು ಅದರ ಮೊದಲ ದಿನಗಳನ್ನು, ಮನೆಯ ಸುತ್ತಮುತ್ತಲಷ್ಟೇ ಕೆಲಸ ಮಾಡುತ್ತಿದ್ದ ದಿನಗಳನ್ನು.

ಒಂದು ಕುಟುಂಬ ತನ್ನ ಗಳಿಕೆಯ ಒಂದು ಪಾಲನ್ನು ತೆಗೆದಿಟ್ಟು, ತಾನಿರುವ ಊರಿನ ಜನಕ್ಕೆ ಕಸುಬು ಕಲಿಸುವುದಕ್ಕೆ, ಆರೋಗ್ಯ ನೋಡಿಕೊಳ್ಳುವುದಕ್ಕೆ ಕೊಡುತ್ತದೆ. ಕೇಳುವುದಕ್ಕೆ ಎಷ್ಟು ಸರಳ! ಇಂಥ ಕೊಡುಗೆಗಳ ಬಗ್ಗೆ ನಾವು ಓದುವುದೆಲ್ಲ ಶುರುವಾದ ದಿನದ ಸುದ್ದಿ. ರಿಬ್ಬನ್ ಕತ್ತರಿಸಿದರು, ಚೆಕ್ ಕೊಟ್ಟರು, ಫೋಟೊ ಬಂತು. ಆ ಹಣ ನಿಂತ ದಿನ ಏನಾಯಿತು ಎಂದು ಯಾರೂ ಬರೆಯುವುದಿಲ್ಲ. ನನ್ನನ್ನು ಕೇಳಿದರೆ ಕೊಡುಗೆಯ ಗುಣ ಗೊತ್ತಾಗುವುದೇ ಆ ದಿನ.

ಮಿಷಿಗನ್‌ಗೆ ಬರೋಣ. 1931ರಲ್ಲಿ ಕೆಲಾಗ್ ಪ್ರತಿಷ್ಠಾನ ಬ್ಯಾಟಲ್ ಕ್ರೀಕ್ ಸುತ್ತಲಿನ ಏಳು ಕೌಂಟಿಗಳಲ್ಲಿ ಸಮುದಾಯ ಆರೋಗ್ಯ ಯೋಜನೆಯೊಂದನ್ನು ಆರಂಭಿಸಿತು. ಕೌಂಟಿ ಎಂದರೆ ಸುಮಾರಾಗಿ ನಮ್ಮ ತಾಲ್ಲೂಕು ಇಲ್ಲವೇ ಸಣ್ಣ ಜಿಲ್ಲೆ ಎಂದುಕೊಳ್ಳಿ. ಹೆಚ್ಚಿನವು ಬೇಸಾಯದ ಹಳ್ಳಿಗಳು. ದೇಶ ಮಹಾ ಆರ್ಥಿಕ ಕುಸಿತದಲ್ಲಿ ಮುಳುಗಿದ್ದ ಕಾಲ. ಒಂದು ದೊಡ್ಡ ಆಸ್ಪತ್ರೆ ಕಟ್ಟಿಸಿ, ಬಾಗಿಲ ಮೇಲೆ ಹೆಸರು ಕೆತ್ತಿಸಿ ಕೈತೊಳೆದುಕೊಳ್ಳಬಹುದಿತ್ತು. ಅವರು ಆಸ್ಪತ್ರೆಗಳಿಗೂ ಶಾಲೆಗಳಿಗೂ ಕೊಟ್ಟರು ನಿಜ. ಆದರೆ ನನಗೆ ಮುಖ್ಯವಾಗಿ ಕಾಣುವುದು ಬೇರೆ ಎರಡು ಕೆಲಸ. ಒಂದು, ಹಳ್ಳಿಯಲ್ಲಿ ಆಗಲೇ ಇದ್ದ ವೈದ್ಯರು, ದಂತವೈದ್ಯರು, ನರ್ಸುಗಳು, ಶಾಲಾ ಮೇಷ್ಟ್ರುಗಳನ್ನು ಮತ್ತೆ ಓದಲು ಕಳಿಸಿದರು. ಓದು ಮುಗಿಸಿ ಹತ್ತಿಪ್ಪತ್ತು ವರ್ಷವಾಗಿದ್ದ ಹಳ್ಳಿ ಡಾಕ್ಟರು ಹೊಸ ವಿದ್ಯೆ ಕಲಿತು ಮತ್ತೆ ತನ್ನ ರೋಗಿಗಳ ಬಳಿಗೇ ಬರುತ್ತಿದ್ದರು. ಇದು ಆರೋಗ್ಯದ ಕೆಲಸವೋ, ವೃತ್ತಿ ತರಬೇತಿಯೋ? ಗೆರೆ ಎಳೆಯುವುದು ಕಷ್ಟ. ಇನ್ನೊಂದು, ಕೌಂಟಿ ಆರೋಗ್ಯ ಇಲಾಖೆಗಳನ್ನು ಎಬ್ಬಿಸಿ ನಿಲ್ಲಿಸಿದರು. ಅವು ಪ್ರತಿಷ್ಠಾನದ ಕಚೇರಿಗಳಲ್ಲ, ಸ್ಥಳೀಯ ಸರ್ಕಾರದ ಇಲಾಖೆಗಳು. ಹಾಗಾಗಿ ಪ್ರತಿಷ್ಠಾನದ ಗಮನ ಮುಂದೆ ದೇಶ ವಿದೇಶಗಳಿಗೆ ಹರಿದಾಗ ಹಳ್ಳಿಯ ವೈದ್ಯನ ತಲೆಯಲ್ಲಿದ್ದ ವಿದ್ಯೆಯನ್ನು ಯಾರೂ ವಾಪಸು ಕೇಳುವಂತಿರಲಿಲ್ಲ.

ಈಗ ಇದೇ ಕಾಲದ ಇನ್ನೊಂದು ಕಥೆ. ಇದು ಸ್ವಲ್ಪ ಉದ್ದ, ಮತ್ತು ಇದರಲ್ಲಿ ಬೆಳಕೂ ಇದೆ, ಕತ್ತಲೂ ಇದೆ.

ಷಿಕಾಗೊ ನಗರದ ಜೂಲಿಯಸ್ ರೋಸನ್‌ವಾಲ್ಡ್ ಅಂಚೆಯ ಮೂಲಕ ಸಾಮಾನು ಮಾರುತ್ತಿದ್ದ ಸಿಯರ್ಸ್ ರೋಬಕ್ ಕಂಪನಿಯ ಮುಖ್ಯಸ್ಥರು. ಕರಿಯ ಜನರ ಶಿಕ್ಷಣಕ್ಕಾಗಿ ದುಡಿಯುತ್ತಿದ್ದ ಬುಕರ್ ಟಿ. ವಾಷಿಂಗ್ಟನ್ ಅವರ ಸ್ನೇಹ ಬೆಳೆದು, ದಕ್ಷಿಣದ ರಾಜ್ಯಗಳ ಹಳ್ಳಿಗಳಲ್ಲಿ ಕರಿಯ ಮಕ್ಕಳಿಗೆ ಶಾಲೆ ಕಟ್ಟಿಸಲು ಮುಂದಾದರು. ಆದರೆ ಒಂದು ಷರತ್ತು ಹಾಕಿದರು: ಊರಿನವರೂ ಕೊಡಬೇಕು, ಸರ್ಕಾರವೂ ಕೊಡಬೇಕು. 1932ರಲ್ಲಿ ಈ ಕಟ್ಟಡದ ಕೆಲಸ ಮುಗಿಯುವ ಹೊತ್ತಿಗೆ 15 ರಾಜ್ಯಗಳಲ್ಲಿ 4,977 ಶಾಲೆಗಳು, 217 ಮೇಷ್ಟ್ರ ಮನೆಗಳು, 163 ಕಸುಬು ಕಲಿಸುವ ಕಟ್ಟಡಗಳು ಎದ್ದಿದ್ದವು.

ಲೆಕ್ಕ ನೋಡಿದರೆ ಅಚ್ಚರಿಯಾಗುತ್ತದೆ. ಒಟ್ಟು ವೆಚ್ಚ 2.8 ಕೋಟಿ ಡಾಲರಿಗಿಂತ ಹೆಚ್ಚು. ಅದರಲ್ಲಿ ರೋಸನ್‌ವಾಲ್ಡ್ ಕಡೆಯಿಂದ ಬಂದದ್ದು ಸುಮಾರು 44 ಲಕ್ಷ. ಹಳ್ಳಿಗಳ ಕರಿಯ ಜನ ಕೊಟ್ಟದ್ದು ಸುಮಾರು 47 ಲಕ್ಷ! ಕೋಟ್ಯಧೀಶನಿಗಿಂತ ಗೇಣಿದಾರರ ಪಾಲು ದೊಡ್ಡದು. ಹತ್ತಿ ಹೊಲದ ಒಂದು ಪಟ್ಟಿಯನ್ನು ಶಾಲೆಗೆಂದೇ ಬಿಟ್ಟು, ಅದರ ಬೆಳೆ ಮಾರಿದ ಹಣ ಕೊಟ್ಟವರಿದ್ದರು. ಜಾಗ ಕೊಟ್ಟವರಿದ್ದರು, ಮರ ಕೊಯ್ದು ಕೊಟ್ಟವರಿದ್ದರು, ಕಾಸಿಲ್ಲದೆ ಮೈಮುರಿದು ದುಡಿದವರಿದ್ದರು. ಅದೇ ಜನ ಸರ್ಕಾರಕ್ಕೆ ತೆರಿಗೆಯನ್ನೂ ಕಟ್ಟಿದ್ದರು. ಒಂದೇ ಶಾಲೆಗೆ ಎರಡು ಸಲ ಹಣ ಕೊಟ್ಟಂತಾಯಿತು. ಇದನ್ನು ಹೊಗಳಬೇಕೋ, ಅನ್ಯಾಯ ಎನ್ನಬೇಕೋ ನನಗೆ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ. ಹೆಸರೇನೋ ರೋಸನ್‌ವಾಲ್ಡ್ ಶಾಲೆ ಎಂದೇ ಉಳಿಯಿತು.

ಇದು ಬೆಳಕಿನ ಭಾಗ. ಶಾಲೆಗಳಿಗೆ ಹಣ ಕೊಟ್ಟ ರೋಸನ್‌ವಾಲ್ಡ್ ಅವರ ನಿಧಿಯೇ ಆರೋಗ್ಯಕ್ಕೂ ಹಣ ಕೊಡುತ್ತಿತ್ತು. 1929ರ ಹೊತ್ತಿಗೆ ದಕ್ಷಿಣದ ಆರು ಕೌಂಟಿಗಳಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗವನ್ನು ಪತ್ತೆಹಚ್ಚಿ ಚಿಕಿತ್ಸೆ ಕೊಡುವ ಯೋಜನೆಗೆ ನಿಧಿ ನೆರವಾಯಿತು. ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆಯ ವೈದ್ಯರು ಹಳ್ಳಿಗಳಿಗೆ ಹೋಗಿ ರಕ್ತ ಪರೀಕ್ಷೆ ಮಾಡಿದರು, ಔಷಧಿ ಕೊಟ್ಟರು. ಬಡ ಕರಿಯ ರೈತರು ನಂಬಿ ಬಂದರು. ಆರರಲ್ಲಿ ಒಂದು ಕೌಂಟಿಯ ಹೆಸರು ಮೇಕನ್, ಅಲಬಾಮಾ ರಾಜ್ಯದ್ದು.

ಅಷ್ಟರಲ್ಲಿ ಷೇರುಪೇಟೆ ಕುಸಿಯಿತು. ನಿಧಿಯ ಹಣವೆಲ್ಲ ಬಹುಪಾಲು ಸಿಯರ್ಸ್ ಷೇರುಗಳಲ್ಲೇ ಇತ್ತು. ಷೇರಿನ ಬೆಲೆ ಬಿತ್ತು, ಚಿಕಿತ್ಸೆಯ ಹಣವೂ ನಿಂತಿತು. ಬಡ ರಾಜ್ಯ ಸರ್ಕಾರದ ಬೊಕ್ಕಸದಿಂದ ಆ ಜಾಗ ತುಂಬುವ ಹಣ ಬರಲಿಲ್ಲ. ರೋಗಿಗಳು ಅಲ್ಲೇ ಇದ್ದರು, ಅವರ ಹೆಸರುಗಳು ಪಟ್ಟಿಯಲ್ಲಿದ್ದವು, ನಂಬಿಕೆಯೂ ಇತ್ತು. ಇಲ್ಲದೇ ಹೋದದ್ದು ಔಷಧಿಯ ದುಡ್ಡು ಮಾತ್ರ. ಆಗ ಆರೋಗ್ಯ ಸೇವೆಯ ಅಧಿಕಾರಿಗಳಿಗೆ ಹೊಳೆದ ಯೋಚನೆ ಎಂಥದ್ದು ಗೊತ್ತೇ? ಚಿಕಿತ್ಸೆ ಕೊಡಲಾಗದಿದ್ದರೆ, ಚಿಕಿತ್ಸೆ ಇಲ್ಲದೆ ಈ ರೋಗ ಹೇಗೆ ಬೆಳೆಯುತ್ತದೆ ಎಂದು ನೋಡೋಣ! 1932ರಲ್ಲಿ ಮೇಕನ್ ಕೌಂಟಿಯಲ್ಲಿ ಆರಂಭವಾದ ಆ ಅಧ್ಯಯನವೇ ಅಲ್ಲಿನ ಟಸ್ಕೀಗಿ ಎಂಬ ಊರಿನ ಹೆಸರಿನಿಂದ ಕುಖ್ಯಾತವಾದದ್ದು. ಸುಮಾರು 600 ಕರಿಯ ಗಂಡಸರು, ಅವರಲ್ಲಿ 399 ಮಂದಿಗೆ ಸಿಫಿಲಿಸ್. ನಿಮ್ಮ ರಕ್ತ ಕೆಟ್ಟಿದೆ, ಔಷಧಿ ಕೊಡುತ್ತಿದ್ದೇವೆ ಎಂದು ಅವರಿಗೆ ಹೇಳಲಾಯಿತು. ಈ ರೋಗವನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಪತ್ರಿಕೆಗಳಲ್ಲಿ ಬಯಲಾಗಿ ನಿಂತದ್ದು 1972ರಲ್ಲಿ. ನಲವತ್ತು ವರ್ಷ!

ಇದಕ್ಕೆ ರೋಸನ್‌ವಾಲ್ಡ್ ನಿಧಿಯನ್ನು ಹೊಣೆ ಮಾಡಿದರೆ ತಪ್ಪಾಗುತ್ತದೆ. ಪಾಪ ಮಾಡಿದ್ದು ಸರ್ಕಾರದ ವೈದ್ಯರು. ಆದರೂ ಆ ಪಾಪಕ್ಕೆ ದಾರಿಯಾದದ್ದು ಒಂದು ಖಾಲಿ ಜಾಗ, ಒಳ್ಳೆಯ ಮನಸ್ಸಿನ ಹಣ ನಡುವೆಯೇ ನಿಂತು ಉಂಟಾದ ಖಾಲಿ ಜಾಗ. ನಡುನೀರಿನಲ್ಲಿ ಕೈಬಿಟ್ಟರು ಎನ್ನುತ್ತೇವಲ್ಲ, ಅದು.

ಇನ್ನು ಇವತ್ತಿನ ಮಾತು. ಅಮೆರಿಕದಲ್ಲಿ ಇಂಥ ಕುಟುಂಬ ಪ್ರತಿಷ್ಠಾನಗಳು ಸಾವಿರಾರಿವೆ. ಬಹುಪಾಲು ಸಣ್ಣವು, ಟ್ರಸ್ಟಿಗಳೆಂದರೆ ಅಣ್ಣ, ತಂಗಿ, ಅತ್ತೆ, ಮೊಮ್ಮಗಳು. 1969ರ ತೆರಿಗೆ ಕಾನೂನು ಇವುಗಳಿಗೆ ಮೂಗುದಾರ ಹಾಕಿತು. ಆಸ್ತಿಯನ್ನು ಸುಮ್ಮನೆ ಕೂಡಿಟ್ಟುಕೊಂಡು ತೆರಿಗೆ ರಿಯಾಯಿತಿ ಅನುಭವಿಸುವಂತಿಲ್ಲ. ಈಗಿನ ನಿಯಮದಂತೆ ಹೂಡಿಕೆಯ ಆಸ್ತಿಯಲ್ಲಿ ವರ್ಷಕ್ಕೆ ಸುಮಾರು ಶೇಕಡಾ 5ರಷ್ಟನ್ನು ಖರ್ಚು ಮಾಡಲೇಬೇಕು. ಪ್ರತಿಷ್ಠಾನಕ್ಕೂ ಕುಟುಂಬದವರಿಗೂ ನಡುವೆ ಕೊಡುಕೊಳ್ಳುವ ವ್ಯವಹಾರ ಕೂಡದು. ಯಾರಿಗೆ ಎಷ್ಟು ಕೊಟ್ಟಿರಿ ಎಂಬ ಲೆಕ್ಕ ಯಾರು ಬೇಕಾದರೂ ನೋಡುವಂತೆ ತೆರೆದಿರಬೇಕು. ಒಳ್ಳೆಯ ಕಾನೂನು. ಆದರೆ ಎಷ್ಟು ವರ್ಷ ಕೊಡಬೇಕು ಎಂಬುದರ ಬಗ್ಗೆ ಕಾನೂನು ಬಾಯಿ ಬಿಡುವುದಿಲ್ಲ. ಹೀಗಾಗಿ ಒಂದು ವರ್ಷದ ಅನುದಾನ ಎನ್ನುವುದು ರೂಢಿಯಾಗಿಬಿಟ್ಟಿದೆ. ವರ್ಷ ಮುಗಿಯುತ್ತಲೇ ಮತ್ತೆ ಅರ್ಜಿ, ಮತ್ತೆ ವರದಿ. ಕೆಲವೊಮ್ಮೆ ಅರ್ಜಿ ತುಂಬುವ ಶ್ರಮವೇ ಸಿಗುವ ದುಡ್ಡಿಗಿಂತ ಭಾರ.

ಆದರೆ ಕಸುಬು ಒಂದು ವರ್ಷದಲ್ಲಿ ಕೈಗೆ ಹತ್ತುತ್ತದೆಯೇ? ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರದ ಉದಾಹರಣೆ ನೋಡಿ. 1990ರಲ್ಲಿ ಅಲ್ಲಿ ಲೀವೈ ಸ್ಟ್ರಾಸ್ ಕಂಪನಿಯ ಬಟ್ಟೆ ಕಾರ್ಖಾನೆ ಮುಚ್ಚಿತು. ಸಾವಿರಕ್ಕೂ ಹೆಚ್ಚು ಜನ, ಹೆಚ್ಚಿನವರು ಹೆಂಗಸರು, ಕೆಲಸ ಕಳೆದುಕೊಂಡರು. ನಗರದಲ್ಲಿ ಹೊಸ ಕೆಲಸಗಳು ಇರಲಿಲ್ಲವೆಂದಲ್ಲ, ಇದ್ದವು, ಆಸ್ಪತ್ರೆಗಳಲ್ಲಿ. ಹೊಲಿಗೆ ಗೊತ್ತಿದ್ದವರಿಗೆ ನರ್ಸಿಂಗ್ ಗೊತ್ತಿರಲಿಲ್ಲ, ಅಷ್ಟೇ. ಚರ್ಚುಗಳ ಮೂಲಕ ಸಂಘಟಿತರಾಗಿದ್ದ ಜನ ಕೂತು ಮಾತಾಡಿ, ಆಸ್ಪತ್ರೆ ಮಾಲೀಕರನ್ನೂ ಕರೆಸಿ, 1992ರಲ್ಲಿ ಪ್ರಾಜೆಕ್ಟ್ ಕ್ವೆಸ್ಟ್ ಎಂಬ ತರಬೇತಿ ಸಂಸ್ಥೆ ಕಟ್ಟಿದರು. ಅದಕ್ಕೆ ಹೆಚ್ಚಿನ ಹಣ ಬಂದದ್ದು ಸರ್ಕಾರದಿಂದ. ಹೆಚ್ಚೂಕಡಿಮೆ ಎರಡು ವರ್ಷದ ಓದು. ಶುಲ್ಕದ ಜೊತೆಗೆ ಬಸ್ಸಿನ ಖರ್ಚು, ಮಗು ನೋಡಿಕೊಳ್ಳುವವರ ಖರ್ಚು, ಪರೀಕ್ಷೆಯ ಫೀಸು. ವಾರಕ್ಕೊಮ್ಮೆ ಸಲಹೆಗಾರರ ಜೊತೆ ಕೂತು ಏನು ತೊಂದರೆ ಎಂದು ಹೇಳಿಕೊಳ್ಳುವ ಅವಕಾಶ.

ಮುಂದೆ ಸಂಶೋಧಕರು ಆರೋಗ್ಯ ಕ್ಷೇತ್ರಕ್ಕೆ ಬರಲು ಅರ್ಜಿ ಹಾಕಿದ 410 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ವರ್ಷಗಟ್ಟಲೆ ಹಿಂಬಾಲಿಸಿದರು. ಆರಂಭದಲ್ಲಿ ತರಬೇತಿಗೆ ಸೇರಿದವರ ಗಳಿಕೆ ಸೇರದವರಿಗಿಂತ ಕಡಿಮೆ! ಸಹಜವೇ, ಅವರು ತರಗತಿಯಲ್ಲಿ ಕೂತಿದ್ದರು. ಆರನೇ ವರ್ಷಕ್ಕೆ ಬಂದರೆ ವರ್ಷಕ್ಕೆ ಸುಮಾರು 5,000 ಡಾಲರ್ ಹೆಚ್ಚು ದುಡಿಯುತ್ತಿದ್ದರು. ಈಗ ಹೇಳಿ, ಒಂದು ವರ್ಷಕ್ಕೆ ಅನುದಾನ ಕೊಟ್ಟು ವರ್ಷದ ಕೊನೆಗೆ ಫಲಿತಾಂಶ ಎಲ್ಲಿ ಎಂದು ಕೇಳುವ ಟ್ರಸ್ಟಿಯ ಕಣ್ಣಿಗೆ ಬೀಳುವುದು ಏನು? ಬರೀ ನಷ್ಟ. ಒಳ್ಳೆಯ ಗಿಡವನ್ನು ಮೊಳಕೆಯಲ್ಲೇ ಕಿತ್ತು, ಬೇರು ಬಿಟ್ಟಿಲ್ಲ ಎಂದು ಎಸೆದ ಹಾಗೆ.

ಹಾಗಾದರೆ ಸಣ್ಣ ಕುಟುಂಬ ಪ್ರತಿಷ್ಠಾನ ಏನು ಮಾಡಬಹುದು? ಕಾಲೇಜು ಶುಲ್ಕಕ್ಕೆ ಸರ್ಕಾರದ ನೆರವು ಹೇಗೋ ಸಿಗುತ್ತದೆ. ನಿಯಮದ ಪುಸ್ತಕದಲ್ಲಿ ಜಾಗವಿಲ್ಲದ ಖರ್ಚುಗಳಿರುತ್ತವೆ; ಅವು ಹತ್ತಿರ ಇರುವವರಿಗೆ ಮಾತ್ರ ಕಾಣುತ್ತವೆ. ಹಲ್ಲನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಯ್ಡ್‌ನಲ್ಲಿ ದೊಡ್ಡವರ ಹಲ್ಲಿನ ಚಿಕಿತ್ಸೆ ಕೊಡಬೇಕೋ ಬೇಡವೋ ಎಂಬುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ಮುಂದಿನ ಎರಡು ಹಲ್ಲು ಹೋದ ಒಬ್ಬಾಕೆ ಎಷ್ಟೇ ಚೆನ್ನಾಗಿ ತರಬೇತಿ ಮುಗಿಸಿರಲಿ, ಸಂದರ್ಶನದಲ್ಲಿ ಬಾಯಿ ಮುಚ್ಚಿಕೊಂಡೇ ಮಾತಾಡುತ್ತಾಳೆ. ಆಕೆಯ ಹಲ್ಲು ಕಟ್ಟಿಸಿದ ದುಡ್ಡನ್ನು ಆರೋಗ್ಯದ ಖಾತೆಗೆ ಬರೆಯುತ್ತೀರೋ, ಉದ್ಯೋಗದ ಖಾತೆಗೋ? ಲೆಕ್ಕದ ಪುಸ್ತಕದಲ್ಲಿ ಎರಡು ಅಂಕಣಗಳಿರಬಹುದು, ಬಾಯಿ ಒಂದೇ.

ಹತ್ತಿರ ಇರುವುದಕ್ಕೆ ಇನ್ನೊಂದು ಮುಖವೂ ಇದೆ. ಸಣ್ಣ ಊರಿನಲ್ಲಿ ಕೊಡುವ ಮನೆತನವೇ ಕಾರ್ಖಾನೆಯ ಒಡೆಯರೂ ಆಗಿರಬಹುದು, ಆಸ್ಪತ್ರೆಯ ಆಡಳಿತ ಮಂಡಳಿಯಲ್ಲೂ ಇರಬಹುದು. ಅವರ ಯೋಚನೆ ತಪ್ಪು ಎಂದು ಹಣ ಪಡೆಯುವ ಚಿಕಿತ್ಸಾಲಯದವರು ಎದುರಿಗೆ ಹೇಳುತ್ತಾರೆಯೇ? ಹೇಳುವುದಿಲ್ಲ, ತಲೆದೂಗುತ್ತಾರೆ. ಈ ರೋಗಕ್ಕೆ ಅಮೆರಿಕದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಒಂದು ಮದ್ದು ಇದೆ. ಸರ್ಕಾರದ ನೆರವು ಪಡೆಯುವ ಆ ಕೇಂದ್ರಗಳ ಆಡಳಿತ ಮಂಡಳಿಯಲ್ಲಿ ಕನಿಷ್ಠ ಶೇಕಡಾ 51 ಮಂದಿ ಅಲ್ಲಿಯೇ ಚಿಕಿತ್ಸೆ ಪಡೆಯುವವರಾಗಿರಬೇಕು. ಕುಟುಂಬ ಪ್ರತಿಷ್ಠಾನಗಳಿಗೆ ಇಂಥ ನಿಯಮವಿಲ್ಲ. ಇರಬೇಕೆಂದು ಹಟ ಹಿಡಿಯಲಾರೆ, ಅದು ಅವರ ಹಣ. ಆದರೆ ಟ್ರಸ್ಟಿಗಳ ಮೇಜಿನ ಸುತ್ತ ಹೊರಗಿನ ಎರಡು ಕುರ್ಚಿ ಹಾಕುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಹಣ ನಿಲ್ಲಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಯಾವ ಬೊಕ್ಕಸವೂ ತಳವಿಲ್ಲದ್ದಲ್ಲ. ಎರಡು ವರ್ಷ ಮೊದಲೇ ಹೇಳಬಹುದು. ಒಮ್ಮೆಲೇ ನಿಲ್ಲಿಸದೆ ಪಾಲನ್ನು ಇಳಿಸುತ್ತ ಬರಬಹುದು. ನೀವು ಹೋದ ಮೇಲೆ ಆ ನರ್ಸಿನ ಸಂಬಳ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಚೆಕ್ ಬರೆಯುವ ಮೊದಲೇ ಒಂದು ಹೆಸರನ್ನು ಕೇಳಬಹುದು.

ರೋಸನ್‌ವಾಲ್ಡ್ ಅವರಿಗೆ ಈ ಯೋಚನೆ ಇರಲಿಲ್ಲವೆಂದಲ್ಲ. ಸತ್ತವರ ದುಡ್ಡು ಬದುಕಿದವರನ್ನು ಆಳಬಾರದು ಎನ್ನುವ ಸ್ವಭಾವದವರು ಅವರು. ತಾನು ತೀರಿಕೊಂಡ 25 ವರ್ಷದೊಳಗೆ ನಿಧಿಯ ಹಣವೆಲ್ಲ, ಅಸಲು ಸಮೇತ, ಖರ್ಚಾಗಿ ಮುಗಿಯಬೇಕು ಎಂದು ಮೊದಲೇ ಷರತ್ತು ಹಾಕಿದ್ದರು. 1932ರಲ್ಲಿ ಅವರು ತೀರಿಕೊಂಡರು. 1948ರಲ್ಲಿ, ಅವಧಿಗಿಂತ ಮೊದಲೇ, ನಿಧಿ ತನ್ನ ಬಾಗಿಲು ಮುಚ್ಚಿತು. ಮುಚ್ಚುವ ದಿನವನ್ನು ಅಷ್ಟು ಮುಂದಾಗಿ ಲೆಕ್ಕ ಹಾಕಿದ್ದ ನಿಧಿ ಅದು. ಅದು ಮುಚ್ಚಿದ ವರ್ಷ ಮೇಕನ್ ಕೌಂಟಿಯ ಆ ಗಂಡಸರು ತಮಗೆ ಔಷಧಿ ಸಿಗುತ್ತಿದೆ ಎಂದೇ ನಂಬಿಕೊಂಡು ರಕ್ತ ಕೊಡುತ್ತಿದ್ದರು. ಇನ್ನೂ ಇಪ್ಪತ್ತನಾಲ್ಕು ವರ್ಷ ಬಾಕಿ ಇತ್ತು.

ನಮಸ್ಕಾರ.