ಕ್ಲಿಕ್ಕು ಲೆಕ್ಕಕ್ಕೆ ಬರುತ್ತದೆಯೇ? ಗೂಗಲ್ ಮತ್ತು ಎಸ್‌ಇಒ ಮಂದಿಯ ಹಳೇ ಜಗಳ

ಎಲ್ಲರಿಗೂ ನಮಸ್ಕಾರ. ಎಸ್‌ಇಒ (ಹುಡುಕಾಟದ ಫಲಿತಾಂಶಗಳಲ್ಲಿ ಸೈಟನ್ನು ಮೇಲಕ್ಕೆ ತರುವ ಕಸುಬು) ಬಗ್ಗೆ ಮಾತಾಡುತ್ತೇನೆ ಎಂದರೆ ಸಾಕು, "ಸರ್, ಮೊದಲನೇ ಪುಟಕ್ಕೆ ಬರೋದು ಹೇಗೆ ಅಂತ ಹೇಳಿಬಿಡಿ, ಬೇರೇನೂ ಬೇಡ" ಎನ್ನುವವರೇ ಹೆಚ್ಚು. ಅದು ನನಗೆ ಖಚಿತವಾಗಿ ಗೊತ್ತಿದ್ದರೆ ಇಷ್ಟು ಹೊತ್ತಿಗೆ ಊರಲ್ಲಿ ಅಡಿಕೆ ತೋಟ ಮಾಡಿಕೊಂಡು ಹಾಯಾಗಿರುತ್ತಿದ್ದೆ. ಇವತ್ತು ನಾನು ಹೇಳಬೇಕೆಂದಿರುವುದು ಒಂದು ಜಗಳದ ಕಥೆ. ಈ ಕಸುಬಿನವರು ಒಂದು ಕಡೆ, ಗೂಗಲ್ ಇನ್ನೊಂದು ಕಡೆ.

ವಿಷಯ ಕೇಳಲು ಸಣ್ಣದು. ನೀವು "ಮೈಸೂರ್ ಪಾಕ್ ಮಾಡುವ ವಿಧಾನ" ಎಂದು ಹುಡುಕುತ್ತೀರಿ. ನಮ್ಮಲ್ಲಿ ಬಹಳ ಜನ ಇದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ, ಇರಲಿ. ಮೊದಲನೇ ಫಲಿತಾಂಶ ಒತ್ತುತ್ತೀರಿ. ಅಲ್ಲಿ ಅಜ್ಜಿಯ ನೆನಪು, ಅರಮನೆಯ ಇತಿಹಾಸ, ನಾಲ್ಕು ಜಾಹೀರಾತು ಎಲ್ಲ ಇದೆ, ಪಾಕದ ಹದ ಮಾತ್ರ ಇಲ್ಲ. ಐದು ಸೆಕೆಂಡಿಗೆ ವಾಪಸ್ಸು. ಎರಡನೆಯದೂ ಹಾಗೇ. ಮೂರನೆಯದನ್ನು ತೆರೆದವರು ಮತ್ತೆ ಹಿಂದೆ ಬರಲೇ ಇಲ್ಲ, ಬಾಣಲೆ ಒಲೆ ಮೇಲಿಟ್ಟಿರಿ. ಈ ಹೋಗಿಬರುವಿಕೆಯನ್ನು ಗೂಗಲ್ ಗಮನಿಸಿ, ನಾಳೆ ಇದನ್ನೇ ಹುಡುಕುವವರಿಗೆ ಮೂರನೆಯದನ್ನು ಮೇಲಕ್ಕೆ ತರುತ್ತದೆಯೇ? ಪ್ರಶ್ನೆ ಇಷ್ಟೇ.

ಎಸ್‌ಇಒ ಮಂದಿಗೆ ಈ ಅನುಮಾನ ಬಹಳ ಹಿಂದಿನದು. 2014ರಲ್ಲಿ ರ‍್ಯಾಂಡ್ ಫಿಶ್‌ಕಿನ್ ಎಂಬ ಅಮೆರಿಕದ ಎಸ್‌ಇಒ ಪರಿಣಿತ ಒಂದು ಪ್ರಯೋಗ ಮಾಡಿದ. ಇಂಥ ಪದ ಹುಡುಕಿ, ನನ್ನ ಪುಟವನ್ನು ಒತ್ತಿ ಎಂದು ಟ್ವಿಟರ್‌ನಲ್ಲಿ ತನ್ನ ಹಿಂಬಾಲಕರನ್ನು ಕೇಳಿಕೊಂಡ. ಏಳನೇ ಸ್ಥಾನದಲ್ಲಿದ್ದ ಪುಟ ಕೆಲವೇ ಗಂಟೆಗಳಲ್ಲಿ ಮೊದಲನೆಯದಾಯಿತು. ಒಂದು ಪ್ರಯೋಗದಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ ಗೂಗಲ್ ಕಡೆಯವರು ಅದನ್ನು ಅಷ್ಟಕ್ಕೇ ಬಿಡಲಿಲ್ಲ. ಕ್ಲಿಕ್ಕುಗಳನ್ನು ನಂಬಲಾಗದು, ಅವನ್ನು ನೇರವಾಗಿ ಫಲಿತಾಂಶಗಳ ಸ್ಥಾನ ನಿರ್ಧರಿಸಲು, ಅಂದರೆ ರ‍್ಯಾಂಕಿಂಗ್‌ಗೆ ಬಳಸಲು ಬಾರದು ಎಂದು ವರ್ಷಗಟ್ಟಲೆ ಹೇಳುತ್ತ ಬಂದರು. 2019ರಲ್ಲಿ ಗೂಗಲ್‌ನ ಗ್ಯಾರಿ ಇಲ್ಯೆಸ್, ಫಿಶ್‌ಕಿನ್ ಹೆಸರನ್ನೇ ಎತ್ತಿ, ಈ ಥಿಯರಿಗಳೆಲ್ಲ ಹೆಚ್ಚುಕಡಿಮೆ ಕಟ್ಟಿಕೊಂಡ ಕಸ ಎಂಬರ್ಥದಲ್ಲಿ ಬರೆದುಬಿಟ್ಟರು.

ಆಮೇಲೆ ನಾಲ್ಕು ವರ್ಷಕ್ಕೆ ಉತ್ತರ ಬಂದದ್ದು ನ್ಯಾಯಾಲಯದಿಂದ. ಗೂಗಲ್ ಹುಡುಕಾಟದಲ್ಲಿ ಏಕಸ್ವಾಮ್ಯ ಸಾಧಿಸಿದೆ ಎಂದು ಅಮೆರಿಕದ ನ್ಯಾಯ ಇಲಾಖೆ 2020ರಲ್ಲಿ ಮೊಕದ್ದಮೆ ಹೂಡಿತ್ತು. 2023ರ ಸೆಪ್ಟೆಂಬರ್‌ನಲ್ಲಿ ವಿಚಾರಣೆ ಶುರುವಾಯಿತು. ಅಕ್ಟೋಬರ್‌ನಲ್ಲಿ ಸಾಕ್ಷಿಕಟ್ಟೆ ಹತ್ತಿದವರು ಗೂಗಲ್ ಸರ್ಚ್‌ನ ಹಿರಿಯರಾದ ಪಾಂಡು ನಾಯಕ್. ಪ್ರಮಾಣ ಮಾಡಿ ಅವರು ಹೇಳಿದ್ದು: ನಾವ್‌ಬೂಸ್ಟ್ ಎಂಬ ವ್ಯವಸ್ಥೆ ಇದೆ, ಅದು ಬಳಕೆದಾರರ ಕ್ಲಿಕ್ಕುಗಳನ್ನು ಆಧರಿಸಿದ್ದು, 13 ತಿಂಗಳ ಮಾಹಿತಿಯ ಮೇಲೆ ನಡೆಯುತ್ತದೆ, ಸ್ಥಾನ ನಿರ್ಧರಿಸಲು ನಾವು ನೋಡುವ ಮುಖ್ಯ ಸಂಕೇತಗಳಲ್ಲಿ ಅದೂ ಒಂದು. ಸುಮಾರು 2005ರಿಂದಲೂ ಇರುವ ವ್ಯವಸ್ಥೆಯಂತೆ! ಅಂದರೆ "ಕಟ್ಟಿಕೊಂಡ ಕಸ" ಎಂದ ಹೊತ್ತಿಗೆ ಅದಕ್ಕೆ ಹದಿನಾಲ್ಕು ವರ್ಷ ಆಗಿತ್ತು.

ಎರಡನೇ ಪೆಟ್ಟು ಬಿದ್ದದ್ದು 2024ರ ಮೇ ಕೊನೆಯಲ್ಲಿ. ಗೂಗಲ್‌ನ ಒಳಗಿನ ಎಪಿಐ (ತಂತ್ರಾಂಶಗಳು ಒಂದಕ್ಕೊಂದು ಮಾಹಿತಿ ಕೊಟ್ಟುಕೊಳ್ಳುವ ವಿಧಾನ) ದಾಖಲೆಗಳು, 2,500 ಪುಟಕ್ಕೂ ಹೆಚ್ಚು, ತಾನೇ ಕೆಲಸ ಮಾಡುವ ಒಂದು ಬಾಟ್ ಪ್ರೋಗ್ರಾಮಿನ ಯಡವಟ್ಟಿನಿಂದ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಕೂತಿದ್ದವು. ಅವನ್ನು ಲೋಕದ ಮುಂದಿಟ್ಟವರು ಇದೇ ಫಿಶ್‌ಕಿನ್ ಮತ್ತು ಇನ್ನೊಬ್ಬ ಎಸ್‌ಇಒ ಪರಿಣಿತ ಮೈಕ್ ಕಿಂಗ್. 14,014 ಗುಣಲಕ್ಷಣಗಳ ಹೆಸರು ಅದರಲ್ಲಿದ್ದವು. ಗುಡ್ ಕ್ಲಿಕ್ಸ್, ಬ್ಯಾಡ್ ಕ್ಲಿಕ್ಸ್, ಲಾಸ್ಟ್ ಲಾಂಗೆಸ್ಟ್ ಕ್ಲಿಕ್ಸ್. ಈ ಕೊನೆಯದು ನೋಡಿ: ಕೊನೆಗೆ ಒತ್ತಿ, ಬಹಳ ಹೊತ್ತು ಉಳಿದ ಪುಟ. ನಮ್ಮ ಮೈಸೂರ್ ಪಾಕಿನ ಮೂರನೇ ಪುಟವೇ ಅದು. ಇಡೀ ಸೈಟಿಗೆ ಅಂಕ ಕೊಡುವ ಸೈಟ್ ಅಥಾರಿಟಿ ಎಂಬ ಹೆಸರೂ ಇತ್ತು, ಗೂಗಲ್‌ನದೇ ಕ್ರೋಮ್ ಬ್ರೌಸರಿನಿಂದ ಬಂದ ಮಾಹಿತಿ ಎನ್ನುವ ಹೆಸರೂ ಇತ್ತು. ದಾಖಲೆ ತಮ್ಮದೇ ಎಂದು ಗೂಗಲ್ ಎರಡು ದಿನದಲ್ಲಿ ಒಪ್ಪಿಕೊಂಡು, ಜೊತೆಗೆ ಹಿಂದುಮುಂದಿಲ್ಲದ, ಹಳತಾದ, ಅಪೂರ್ಣವಾದ ಮಾಹಿತಿಯಿಂದ ತಪ್ಪು ತೀರ್ಮಾನಕ್ಕೆ ಬರಬೇಡಿ ಎಂದಿತು.

ಆ ವಾರ ಈ ಸಮುದಾಯದಲ್ಲಿ ಎದ್ದ ಗದ್ದಲ ಮರೆಯುವಂಥದ್ದಲ್ಲ. ಅರ್ಧ ಜನ "ಸುಳ್ಳರು ಸಿಕ್ಕಿಬಿದ್ದರು" ಎಂದು ಕುಣಿದರು. ಉಳಿದವರು, ಅವರಲ್ಲಿ ಈ ಕಸುಬಿನಲ್ಲಿ ಪಳಗಿದವರೂ ಇದ್ದರು, ಸ್ವಲ್ಪ ತಡೀರಪ್ಪ ಎಂದರು. ನಾನು ಎರಡನೇ ಗುಂಪಿನವನು. ಬೇರೆಯವರ ಅಡುಗೆಮನೆಗೆ ನುಗ್ಗಿ 14,014 ಡಬ್ಬಿಗಳ ಮೇಲಿನ ಚೀಟಿ ಓದಿಕೊಂಡು ಬಂದ ಹಾಗಾಯಿತು ಇದು. ಇಂಗು ಇದೆ ಎಂದು ಗೊತ್ತಾಯಿತು. ಇವತ್ತಿನ ಸಾರಿಗೆ ಹಾಕಿದರೇ, ಎಷ್ಟು ಹಾಕಿದರು, ಡಬ್ಬಿ ಹತ್ತು ವರ್ಷದಿಂದ ಖಾಲಿಯೇ ಇದೆಯೇ, ಚೀಟಿ ಹೇಳುವುದಿಲ್ಲ. ಯಾವುದಕ್ಕೆ ಎಷ್ಟು ತೂಕ ಎನ್ನುವುದು ಆ ದಾಖಲೆಗಳಲ್ಲಿ ಇರಲೇ ಇಲ್ಲ. "ಸ್ಮಾಲ್ ಪರ್ಸನಲ್ ಸೈಟ್" ಎಂಬ ಒಂದು ಚೀಟಿ ಸಿಕ್ಕಿತು. ಚಿಕ್ಕ ಸೈಟುಗಳನ್ನು ತುಳಿಯಲೆಂದೇ ಇಟ್ಟದ್ದು ಎಂದು ಕೆಲವರು, ಎತ್ತಲು ಇಟ್ಟದ್ದು ಎಂದು ಕೆಲವರು ಕಿತ್ತಾಡಿದರು. ಅದನ್ನು ನಿಜವಾಗಿ ಬಳಸುತ್ತಾರೋ ಇಲ್ಲವೋ, ಚೀಟಿ ಹೇಳುವುದಿಲ್ಲ.

ಹಾಗಾದರೆ ಗೂಗಲ್‌ನವರು ಸುಳ್ಳು ಹೇಳಿದರೇ? ಇಲ್ಲೇ ನನಗೆ ಕುರುಕ್ಷೇತ್ರ ನೆನಪಾಗುವುದು. ಅಶ್ವತ್ಥಾಮ ಸತ್ತ ಎಂದು ಧರ್ಮರಾಯ ಗಟ್ಟಿಯಾಗಿ ಹೇಳಿ, ಆನೆ ಎಂಬ ಮಾತನ್ನು ಮೆಲ್ಲಗೆ ಸೇರಿಸಿದನಲ್ಲ, ಆ ಜಾತಿಯ ಮಾತು. "ನಮ್ಮಲ್ಲಿ ಡೊಮೈನ್ ಅಥಾರಿಟಿ ಎಂಬುದಿಲ್ಲ" ಎಂದು ಅವರು ಮತ್ತೆ ಮತ್ತೆ ಹೇಳಿದ್ದುಂಟು. ಡೊಮೈನ್ ಅಥಾರಿಟಿ ಎಂಬುದು ಮಾಜ್ ಎಂಬ ಬೇರೆ ಕಂಪನಿಯ ಅಳತೆಗೋಲು. ಅದನ್ನು ಗೂಗಲ್ ಬಳಸುವುದಿಲ್ಲ, ಮಾತು ಸತ್ಯ. ಇಡೀ ಸೈಟಿಗೆ ಒಂದು ಅಂಕ ಇದೆಯೇ ಎಂಬುದು ಕೇಳಿದವನ ಪ್ರಶ್ನೆ. ಉತ್ತರ ಬಂದದ್ದು ಪದಕ್ಕೆ.

ಮುಚ್ಚಿಡಲು ಅವರಿಗೆ ನ್ಯಾಯವಾದ ಕಾರಣವೂ ಇದೆ, ಅದನ್ನು ಒಪ್ಪದೆ ಮಾತಾಡಿದರೆ ನಾವೂ ಅರ್ಧಸತ್ಯದವರೇ. 1998ರಲ್ಲಿ ಪೇಜ್‌ರ‍್ಯಾಂಕ್ ಎಂಬ ಗೂಗಲ್‌ನ ಸೂತ್ರ ಬಂದಾಗ ಬೇರೆ ಸೈಟುಗಳಿಂದ ಬರುವ ಲಿಂಕನ್ನು ಮತದಂತೆ ಎಣಿಸುವುದು ಎಂದು ಲೋಕಕ್ಕೇ ಗೊತ್ತಾಯಿತು. ನೋಡನೋಡುತ್ತ ಲಿಂಕುಗಳ ಸಂತೆ ಶುರುವಾಯಿತು. ಕ್ಲಿಕ್ಕು ಎಣಿಸುತ್ತೇವೆ ಎಂದು ಬೋರ್ಡು ಹಾಕಿದರೆ ನಾಳೆ ಬೆಳಿಗ್ಗೆಯೇ ಕೂಲಿಗೆ ಕ್ಲಿಕ್ಕಿಸುವವರ ಸಾಲು. ಹಾಗಾಗಿ "ಹೇಳುವುದಿಲ್ಲ" ಎಂದಿದ್ದರೆ ನನ್ನ ತಕರಾರಿಲ್ಲ. ಹೆಚ್ಚುಕಡಿಮೆ ಸರಿಯಾಗಿಯೇ ಊಹಿಸಿದವನನ್ನು ಹೆಸರು ಹಿಡಿದು ಹೀಯಾಳಿಸಿದರಲ್ಲ, ತಕರಾರು ಅದಕ್ಕೆ.

ಅದೇ ಮೊಕದ್ದಮೆಯ ಕಾಗದಗಳಲ್ಲಿ ನಮ್ಮೂರಿನ ನಂಟೂ ಇದೆ. ಬೆಂಗಳೂರಿನಲ್ಲಿ ಬೆಳೆದ, ಇಲ್ಲಿಯ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದ ಬೆನ್ ಗೋಮ್ಸ್ ಗೂಗಲ್ ಸರ್ಚ್‌ನ ಮುಖ್ಯಸ್ಥರಾಗಿದ್ದರು. 2019ರ ಫೆಬ್ರವರಿಯಲ್ಲಿ ಜಾಹೀರಾತು ಆದಾಯ ನಿರೀಕ್ಷೆಗಿಂತ ಕಡಿಮೆಯಾಗಿ ಒಳಗೆ "ಕೋಡ್ ಯೆಲ್ಲೋ" ಎಂದು ಎಚ್ಚರಿಕೆ ಹೊರಟಾಗ, ಸರ್ಚ್ ತಂಡ ಹಣದ ಲೆಕ್ಕಕ್ಕೆ ತೀರಾ ಹತ್ತಿರವಾಗುತ್ತಿದೆ ಎಂದು ಅವರು ಕಳವಳಪಟ್ಟ ಇಮೇಲ್‌ಗಳು ನ್ಯಾಯಾಲಯದಲ್ಲಿ ಹೊರಬಂದವು. 2020ರಲ್ಲಿ ಅವರು ಕಲಿಕೆಯ ವಿಭಾಗಕ್ಕೆ ಹೋದರು, ಸರ್ಚ್ ಜಾಹೀರಾತು ವಿಭಾಗದ ಮುಖ್ಯಸ್ಥರಾಗಿದ್ದ ಪ್ರಭಾಕರ್ ರಾಘವನ್ ಕೈಗೆ ಬಂತು. ಆಮೇಲೆ ಎಲ್ಲ ಕೆಟ್ಟಿತು ಎನ್ನುವ ವಾದ ಎಸ್‌ಇಒ ಮಂದಿಗೆ ಬಲು ಪ್ರಿಯ. ಒಬ್ಬನೇ ಖಳನಾಯಕ ಸಿಕ್ಕರೆ ಕಥೆ ಸಲೀಸು. ನನಗೆ ಅಷ್ಟು ನಂಬಿಕೆ ಇಲ್ಲ.

ಚಿಕ್ಕ ಸೈಟಿನವರ ಸಿಟ್ಟಾದರೋ ಕಟ್ಟುಕಥೆಯಲ್ಲ. 2023ರ ಸೆಪ್ಟೆಂಬರ್‌ನ "ಹೆಲ್ಪ್‌ಫುಲ್ ಕಂಟೆಂಟ್" ಅಪ್‌ಡೇಟ್, ಅಂದರೆ ಗೂಗಲ್ ತನ್ನ ಲೆಕ್ಕಾಚಾರದಲ್ಲಿ ಮಾಡಿದ ಬದಲಾವಣೆಯ ನಂತರ ಸ್ವಂತ ಅನುಭವದಿಂದ ಬರೆಯುತ್ತಿದ್ದ ಎಷ್ಟೋ ಪ್ರವಾಸ, ಅಡುಗೆ, ಮನೆಬಳಕೆ ಸೈಟುಗಳ ಓದುಗರು ಕರಗಿಹೋದರು. ಸಹಾಯಕ ಬರಹಕ್ಕೆಂದು ಬಂದ ಅಪ್‌ಡೇಟಿನಿಂದಲೇ! 2024ರ ಅಕ್ಟೋಬರ್‌ನಲ್ಲಿ ಗೂಗಲ್ ಅಂಥ ಸುಮಾರು 20 ಮಂದಿಯನ್ನು ತನ್ನ ಕಚೇರಿಗೆ ಕರೆಸಿ ಮಾತಾಡಿಸಿತು. ತಪ್ಪು ನಿಮ್ಮ ಬರಹದಲ್ಲಿಲ್ಲ ಎಂದರು, ಓದುಗರು ಯಾವಾಗ ಮರಳುತ್ತಾರೆ ಎಂಬುದಕ್ಕೆ ಮಾತು ಕೊಡಲಿಲ್ಲ ಎಂದು ಹೋಗಿಬಂದವರು ಬರೆದುಕೊಂಡರು.

ಈಗ ಹೊಸ ಜಗಳ ಎಐ ಉತ್ತರಗಳದ್ದು. ಎಸ್‌ಇಒ ಸತ್ತಿತು, ಇನ್ನು ಜಿಇಒ (ಎಐ ಉತ್ತರಗಳಲ್ಲಿ ಕಾಣಿಸಿಕೊಳ್ಳುವ ಕಸುಬು) ಎಂದು ಹೊಸ ಬೋರ್ಡು ಬರೆಸಿದವರಿದ್ದಾರೆ. ಎಐಗಾಗಿ ಸೈಟಿನಲ್ಲಿ ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ ಎಂಬ ಫೈಲು ಇಡಿ ಎನ್ನುತ್ತಾರೆ. ಅದು ಹಳೆಯ ಕೀವರ್ಡ್ಸ್ ಮೆಟಾ ಟ್ಯಾಗ್, ಅಂದರೆ ಈ ಪುಟ ಇಂಥ ಪದಗಳಿಗೆ ಎಂದು ಸೈಟಿನವರೇ ಒಳಗೆ ಬರೆದಿಡುವ ಚೀಟಿ, ಇದ್ದ ಹಾಗೆ ಎಂದರು ಗೂಗಲ್‌ನ ಜಾನ್ ಮುಲ್ಲರ್. ಆ ಟ್ಯಾಗನ್ನು ರ‍್ಯಾಂಕಿಂಗ್‌ಗೆ ನೋಡುವುದೇ ಇಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಈ ಸಲ ಗೂಗಲ್ ಮಾತು ನನಗೆ ಸರಿ ಕಾಣುತ್ತದೆ. ಆದರೂ ಕಾರ್ಯಾಗಾರದಲ್ಲಿ ಇದನ್ನು ಹೇಳಿದರೆ ಜನ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಹಳೇ ಜಗಳದ ಸಾಲ ಹೀಗೆ ತೀರುತ್ತಿದೆ.

ಮೊಕದ್ದಮೆ ಏನಾಯಿತು ಎಂದು ಕೇಳುವಿರಿ. 2024ರ ಆಗಸ್ಟ್ 5ರಂದು ನ್ಯಾಯಾಧೀಶ ಅಮಿತ್ ಮೆಹ್ತಾ, ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ತೀರ್ಪಿತ್ತರು. ಪರಿಹಾರದ ಆದೇಶ ಬಂದದ್ದು 2025ರ ಸೆಪ್ಟೆಂಬರ್ 2ಕ್ಕೆ. ಸರ್ಕಾರ ಕೇಳಿದಂತೆ ಗೂಗಲ್ ಕ್ರೋಮ್ ಮಾರಬೇಕಿಲ್ಲ, ಆದರೆ ಅರ್ಹ ಪ್ರತಿಸ್ಪರ್ಧಿಗಳಿಗೆ ಕೆಲವು ಮಾಹಿತಿ ಕೊಡಬೇಕು ಎಂದರು. ಹಂಚಬೇಕಾದ ಆ ಮಾಹಿತಿಯ ಪಟ್ಟಿಯಲ್ಲಿ ಬಳಕೆದಾರರು ಏನು ಹುಡುಕಿದರು, ಯಾವುದನ್ನು ಒತ್ತಿದರು ಎಂಬ ಲೆಕ್ಕವೂ ಇದೆ.

ಪ್ರಶ್ನೆಗಳಿದ್ದರೆ ಕೇಳಿ. ಮೊದಲನೇ ಪುಟದ್ದೊಂದು ಬಿಟ್ಟು.