ಕಡತಕ್ಕೊಂದು ಹೆಸರು, ಹೆಸರಿಗೊಂದು ತಾರೀಕು

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆ ಕಂದಾಯದ ರಸೀದಿ ಕಂಪ್ಯೂಟರಿನಲ್ಲಿ ಇದೆ ಅಂತ ಗೊತ್ತು, ಎಲ್ಲಿದೆ ಅಂತ ಮಾತ್ರ ಗೊತ್ತಿಲ್ಲ. ಈ ಪಾಡು ಬಹಳ ಮನೆಗಳಲ್ಲಿದೆ. ನಿವೃತ್ತರಾದವರು, ಸಂಘದ ಲೆಕ್ಕ ಬರೆಯುವವರು, ಮಕ್ಕಳ ಫೋಟೊಗಳನ್ನು ಕೂಡಿಟ್ಟ ಅಮ್ಮಂದಿರು ಈಗ ಕೇಳುತ್ತಿರಬಹುದು. ನಿಮಗೆ ನಾನು ಹೇಳುವುದು ಒಂದೇ ಮಾತು. ಫೈಲಿನ ಹೆಸರು ತಾರೀಕಿನಿಂದ ಶುರುವಾಗಬೇಕು. ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ಅದರ ಮುಂದೆ ಅದು ಏನು ಅಂತ ಎರಡು ಮೂರು ಪದ.

ಉದಾಹರಣೆಗೆ: 2011-06-14 ಮನೆ ಕಂದಾಯ ರಸೀದಿ. ಅಷ್ಟೇ.

"ನಾವು ದಿನ, ತಿಂಗಳು, ವರ್ಷ ಅಂತ ತಾನೇ ಬರೆಯೋದು?" ಅಂತ ಕೇಳುತ್ತೀರಿ. ಕಾಗದದ ಮೇಲೆ ಹಾಗೇ ಬರೆಯಿರಿ. ಕಂಪ್ಯೂಟರು ಹೆಸರನ್ನು ಎಡದಿಂದ ಓದಿ ಸಾಲು ಮಾಡುತ್ತದೆ. ದಿನ ಮೊದಲು ಬಂದರೆ ಎಲ್ಲ ವರ್ಷಗಳ ಒಂದನೇ ತಾರೀಕು ಒಂದು ಕಡೆ, ಎರಡನೇ ತಾರೀಕು ಇನ್ನೊಂದು ಕಡೆ ಗುಂಪಾಗುತ್ತವೆ. ವರ್ಷ ಮೊದಲಿದ್ದರೆ ಹಳೆಯದರಿಂದ ಹೊಸದಕ್ಕೆ ತಾವಾಗಿಯೇ ಸಾಲು ನಿಲ್ಲುತ್ತವೆ. ಇದು ನಾನು ಕಂಡುಹಿಡಿದದ್ದಲ್ಲ. 1988ರಲ್ಲೇ ಐಎಸ್ಒ 8601 ಅನ್ನುವ ಅಂತಾರಾಷ್ಟ್ರೀಯ ಮಾನಕ ಇದನ್ನು ಹೇಳಿದೆ.

ನಮ್ಮ ಬೀದಿಯಲ್ಲಿ ಒಬ್ಬ ಮೇಷ್ಟ್ರಿದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಬಹಳ ಅಚ್ಚುಕಟ್ಟು. ಮನೆಯ ಪ್ರತಿಯೊಂದು ಕಾಗದವನ್ನೂ ಕೂತು ಸ್ಕ್ಯಾನ್ ಮಾಡಿಟ್ಟಿದ್ದರು. ಖಾತೆ ಬದಲಾವಣೆಗೆ ಹೋದಾಗ ಕಚೇರಿಯಲ್ಲಿ ಹಳೆಯ ಒಂದು ಕಂದಾಯ ರಸೀದಿ ಕೇಳಿದರು. "ಇದೆ, ತರುತ್ತೇನೆ" ಅಂತ ಧೈರ್ಯವಾಗಿ ಹೇಳಿ ಬಂದರು. ಕಂಪ್ಯೂಟರ್ ತೆರೆದರೆ ಸ್ಕ್ಯಾನ್ 0001, ಸ್ಕ್ಯಾನ್ 0002, ಹೀಗೇ ನೂರಾರು. ಫೋಲ್ಡರುಗಳು? ಹೊಸ ಫೋಲ್ಡರ್, ಹೊಸ ಫೋಲ್ಡರ್ 2, ಮುಖ್ಯ, ಬಹಳ ಮುಖ್ಯ, ಬಹಳ ಮುಖ್ಯ ಹೊಸದು.

ನನ್ನನ್ನು ಕರೆದರು. ಫೈಲಿನ ಪಕ್ಕದಲ್ಲಿ ಕಂಪ್ಯೂಟರೇ ತೋರಿಸುವ ತಾರೀಕು ನೋಡೋಣ ಅಂದೆ. ನೋಡಿದರೆ ಎಲ್ಲದಕ್ಕೂ ಒಂದೇ ದಿನದ ತಾರೀಕು! ಹಳೆಯ ಕಂಪ್ಯೂಟರ್ ಕೈಕೊಡುವ ಮೊದಲು ಮಗ ಎಲ್ಲವನ್ನೂ ಇಂಟರ್ನೆಟ್ಟಿಗೆ ಏರಿಸಿ, ಹೊಸದಕ್ಕೆ ಇಳಿಸಿಕೊಟ್ಟಿದ್ದ. ಇಳಿಸಿದ ದಿನವೇ ಎಲ್ಲದರ ತಾರೀಕಾಯಿತು. ಇದನ್ನು ದಯವಿಟ್ಟು ಮನಸ್ಸಿನಲ್ಲಿಡಿ. ಕಂಪ್ಯೂಟರ್ ತೋರಿಸುವ ತಾರೀಕು ಕಾಗದದ ತಾರೀಕಲ್ಲ. ಹೆಸರಿನಲ್ಲಿ ನೀವೇ ಬರೆದ ತಾರೀಕನ್ನು ಮಾತ್ರ ಯಾವ ಕಂಪ್ಯೂಟರೂ ತಾನಾಗಿ ಬದಲಿಸುವುದಿಲ್ಲ.

ಕೊನೆಗೆ ಒಂದೊಂದಾಗಿ ತೆರೆದೆವು. ರೇಷನ್ ಕಾರ್ಡು ಬಂತು, ಮಗಳ ಜಾತಕ ಬಂತು, ಯಾರದೋ ಗೃಹಪ್ರವೇಶದ ಆಮಂತ್ರಣ ಬಂತು. ನಡುವೆ ಅವರ ಹೆಂಡತಿಯ ಆಪರೇಷನ್ನಿನ ಡಿಸ್ಚಾರ್ಜ್ ಪತ್ರ ಸಿಕ್ಕಿತು. ಆ ತಾಯಿ ಅದನ್ನು ಕೈಯಲ್ಲಿ ಹಿಡಿದವರಂತೆ ಪರದೆಯನ್ನೇ ನೋಡುತ್ತ ನಿಂತರು. ಅದಕ್ಕೆ ಸ್ವಲ್ಪ ದಿನ ಮೊದಲು ಡಾಕ್ಟರು ಆ ಪತ್ರವನ್ನೇ ಕೇಳಿದ್ದರಂತೆ. ಸಿಗದೆ, ಎಲ್ಲ ಪರೀಕ್ಷೆಗಳನ್ನೂ ದುಡ್ಡು ಕೊಟ್ಟು ಮತ್ತೆ ಮಾಡಿಸಿದ್ದರು. ಪತ್ರ ಮನೆಯಲ್ಲೇ ಇತ್ತು, ಸ್ಕ್ಯಾನ್ ಏನೋ ಒಂದು ಸಂಖ್ಯೆ ಅನ್ನುವ ಹೆಸರಿನಲ್ಲಿ.

ರಸೀದಿ ಸಿಗುವ ಹೊತ್ತಿಗೆ ಕತ್ತಲಾಗಿತ್ತು. ಆದರೆ ತೆರೆದದ್ದಕ್ಕೆಲ್ಲ ಅಲ್ಲೇ ಹೆಸರಿಟ್ಟುಕೊಂಡೇ ಬಂದಿದ್ದೆವು. ಫೈಲನ್ನು ಆರಿಸಿ ಎಫ್2 ಗುಂಡಿ ಒತ್ತಿ, ತಾರೀಕು, ಎರಡು ಪದ, ಎಂಟರ್. ಮೇಷ್ಟ್ರು "2011-12 ಅಂತ ಇಟ್ಟರೆ ಸಾಲದೇ?" ಅಂದರು. ಸಾಲದು. ಅದು 2011ರ ಡಿಸೆಂಬರೋ, 2011-12ನೇ ಸಾಲೋ ನಾಳೆ ನಿಮಗೇ ತಿಳಿಯುವುದಿಲ್ಲ. ದಿನವೂ ಇರಲಿ. ಜೂನ್ ಅಂದರೆ ಬರೀ 6 ಅಲ್ಲ, ಸೊನ್ನೆ ಆರು. ನಡುವೆ ಓರೆಗೆರೆ ಬೇಡ, ವಿಂಡೋಸ್ ಹೆಸರಿನಲ್ಲಿ ಅದನ್ನು ಒಪ್ಪುವುದಿಲ್ಲ. ಅಡ್ಡಗೆರೆ ಹಾಕಿ. ಈಗ ಮೇಷ್ಟ್ರು ಹುಡುಕುವ ಜಾಗದಲ್ಲಿ "ಕಂದಾಯ" ಅಂತ ಟೈಪು ಮಾಡಿದರೆ ಎಲ್ಲ ರಸೀದಿಗಳೂ ವರ್ಷದ ಪ್ರಕಾರ ಬಂದು ನಿಲ್ಲುತ್ತವೆ.

ಮೇಷ್ಟ್ರ ಕಥೆಯಲ್ಲೇ ಸಮಯ ಕಳೆಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಫೋಲ್ಡರ್ ಬಗ್ಗೆ ಎಲ್ಲರೂ ನನ್ನನ್ನು ಗಂಟೆಗಟ್ಟಲೆ ಕೇಳುತ್ತಾರೆ. ಮನೆ, ಬ್ಯಾಂಕು, ಆರೋಗ್ಯ, ಮಕ್ಕಳು, ಫೋಟೊ: ಐದು ಸಾಕು. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು ಅಂತ ಹೋಗಬೇಡಿ. ಹೆಸರು ಸರಿಯಿದ್ದರೆ ಫೈಲು ಎಲ್ಲಿದ್ದರೂ ಸಿಗುತ್ತದೆ.

ಕನ್ನಡದಲ್ಲೇ ಹೆಸರಿಡಿ, ಧಾರಾಳವಾಗಿ ಇಡಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಮಾನಕಕ್ಕೆ ಯುನಿಕೋಡ್ ಅಂತ ಹೆಸರು. ಅದರಲ್ಲಿ ಕನ್ನಡಕ್ಕೆ 1991ರಲ್ಲಿ ಬಂದ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಅಂಕಿಗಳನ್ನು ಮಾತ್ರ ಒಂದೇ ಬಗೆಯಲ್ಲಿ ಬರೆಯಿರಿ. ಕೆಲವು ಕಡೆ ಕನ್ನಡ ಅಂಕಿ, ಕೆಲವು ಕಡೆ ಇಂಗ್ಲಿಷ್ ಅಂಕಿ ಬೆರೆತರೆ ಸಾಲು ಕೆಡಬಹುದು. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಪತ್ರಗಳು ನಿಮ್ಮಲ್ಲಿದ್ದರೆ ಒಂದು ಮಾತು. ಅವು ಕಣ್ಣಿಗೆ ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಒಳಗಿನ "ಕಂದಾಯ" ಅನ್ನುವ ಪದವನ್ನು ಹುಡುಕಿದರೆ ಸಿಗುವುದಿಲ್ಲ. ಅವನ್ನು ಯುನಿಕೋಡಿಗೆ ಬದಲಿಸಿಕೊಳ್ಳಿ. ಅದಾಗುವವರೆಗೆ ಹೆಸರಾದರೂ ಸರಿಯಾಗಿರಲಿ.

ವಾಟ್ಸಾಪಿನಿಂದ ಬಂದ ಫೋಟೊಗಳನ್ನು ಆಂಡ್ರಾಯ್ಡ್ ಫೋನಿನಲ್ಲಿ ಗಮನಿಸಿ, ಹೆಸರಿನಲ್ಲಿ ವರ್ಷ, ತಿಂಗಳು, ದಿನ ಆಗಲೇ ಇರುತ್ತವೆ. ಅದು ನಿಮಗೆ ಬಂದ ದಿನ, ತೆಗೆದ ದಿನವಲ್ಲ. ಮದುವೆ, ನಾಮಕರಣದ ಫೋಟೊಗಳಿಗೆ ತೆಗೆದ ದಿನವನ್ನು ನೀವೇ ಬರೆಯಿರಿ.

ಇವತ್ತು ಸಂಜೆ ಎಲ್ಲವನ್ನೂ ಸರಿಮಾಡಲು ಕೂರಬೇಡಿ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇವತ್ತು ಬಂದ ಒಂದು ಫೈಲು ತೆಗೆದುಕೊಳ್ಳಿ, ಎಫ್2 ಒತ್ತಿ. ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ನಾಳೆ ಬಂದದ್ದಕ್ಕೆ ನಾಳೆ. ಹಳೆಯದನ್ನು ಬೇಕಾಗಿ ತೆರೆದಾಗ, ಮುಚ್ಚಿದ ಕೂಡಲೇ ಹೆಸರಿಡಿ. ವರ್ಷಕ್ಕೆರಡು ಸಲ ಇಡೀ ಐದು ಫೋಲ್ಡರನ್ನು ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಬೇರೆ ಮನೆಯಲ್ಲಿರುವ ಮಗಳ ಹತ್ತಿರವೋ ತಮ್ಮನ ಹತ್ತಿರವೋ ಕೊಟ್ಟಿಡಿ.

ನಮಸ್ಕಾರ.